ಹಳೆಯ ಜೆಟ್ ಸ್ಕೀ ಕೊಳ್ಳುವವರಿಗೆ

1990ರ ದಶಕದ ಟೂ-ಸ್ಟ್ರೋಕ್ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರಿನಂಥ ವಾಹನ) ಕೊಳ್ಳಲು ಹೊರಟವರು ಬಣ್ಣಕ್ಕೆ ಮರುಳಾಗದೆ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನಿಂದ ಪ್ರತಿ ಸಿಲಿಂಡರನ್ನೂ ಪರೀಕ್ಷಿಸಬೇಕು; ಅವುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಕಂಡುಬಂದರೆ ಎಂಜಿನ್ ಬಿಚ್ಚಿಸುವ ಖರ್ಚನ್ನೂ ಬೆಲೆಯೊಡನೆ ಲೆಕ್ಕ ಹಿಡಿಯಬೇಕು. ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದರೆ ಸಾಕು’ ಎನ್ನುವ ಮಾರಾಟಗಾರರಿಗಿಂತ ಗೇಜನ್ನು ನಂಬುವುದು ಲೇಸು.

ಆ ಕಾಲದ ಸೀ-ಡೂ ಬ್ರ್ಯಾಂಡಿನ ಜೆಟ್ ಸ್ಕೀಗಳಲ್ಲಿ ಬೂದುಬಣ್ಣದ ಇಂಧನ ಕೊಳವೆಗಳು ಇನ್ನೂ ಉಳಿದಿದ್ದರೆ ಓಡಿಸುವ ಮೊದಲೇ ಬದಲಿಸಿ. ಅವು ಒಳಗೊಳಗೇ ಕರಗಿ, ಹಸಿರು ಲೋಳೆಯಾಗಿ ಕಾರ್ಬ್ಯುರೇಟರಿನ ಸಣ್ಣ ಜಾಲರಿಗಳಲ್ಲಿ ಕಟ್ಟಿಕೊಳ್ಳುತ್ತವೆ. ಆಗ ಪೆಟ್ರೋಲು ಸಾಲದೆ ಪಿಸ್ಟನ್ ಅತಿಯಾಗಿ ಕಾದು ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ.

ಸಮುದ್ರದಲ್ಲಿ ಓಡಿಸಿದ ದಿನವೇ ಎಂಜಿನ್ನಿನ ಕೂಲಿಂಗ್ ಮಾರ್ಗವನ್ನು ನಲ್ಲಿಗೆ ಪೈಪು ಜೋಡಿಸಿ ಸಿಹಿನೀರಿನಿಂದ ತೊಳೆಯಬೇಕು. ಇಂಥ ಎಂಜಿನ್ನುಗಳಲ್ಲಿ ಕ್ರಮ ತಪ್ಪುವಂತಿಲ್ಲ: ಎಂಜಿನ್ ಚಾಲೂ ಮಾಡಿದ ಮೇಲೆ ನಲ್ಲಿ ತೆರೆಯಬೇಕು, ನಲ್ಲಿ ನಿಲ್ಲಿಸಿದ ಮೇಲಷ್ಟೇ ಎಂಜಿನ್ ಆರಿಸಬೇಕು. ತಿರುವುಮುರುವಾದರೆ ಎಗ್ಜಾಸ್ಟ್ ಮೂಲಕ ನೀರು ಸಿಲಿಂಡರಿಗೆ ನುಗ್ಗಬಹುದು.

ಎಂಜಿನ್ ಜೋರಾಗಿ ತಿರುಗಿದರೂ ಜೆಟ್ ಸ್ಕೀಯ ವೇಗ ಏರದಿದ್ದರೆ ಪಂಪಿನ ಇಂಪೆಲ್ಲರ್ (ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನಿನಂಥ ಚಕ್ರ) ಮತ್ತು ಅದರ ಸುತ್ತಲಿನ ವೇರ್ ರಿಂಗ್ ಎಂಬ ಬಳೆ ಸವೆದಿವೆಯೇ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಎಂಜಿನ್ನಿನ ಒಳಭಾಗ ತುಕ್ಕು ಹಿಡಿಯದಂತೆ ಕಾಯುವ ಫಾಗಿಂಗ್ ಆಯಿಲನ್ನು ಅದರೊಳಗೆ ಸಿಂಪಡಿಸಿ, ಬ್ಯಾಟರಿ ಕಳಚಿಡಿ.