ಲೈಸೆನ್ಸ್ ಬೇಡದ ಸ್ಕೂಟರ್ ಕೊಳ್ಳುವ ಮುಂಚೆ

ನಮ್ಮ ಮಾವನಿಗೆ ಎಪ್ಪತ್ತೆರಡು. ಲೈಸೆನ್ಸ್ ಅವಧಿ ಮುಗಿದು ವರ್ಷಗಳಾದವು. ಆದರೂ ದಿನಕ್ಕೊಮ್ಮೆ ತೀರ್ಥಹಳ್ಳಿ ಪೇಟೆಗೆ ಹೋಗಿ ಅಡಕೆ ರೇಟು ಕೇಳಿ ಬರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಹೊಲಿಗೆ ಮಷಿನ್ ಮುಚ್ಚಿಟ್ಟು ಶಿವಮೊಗ್ಗದಲ್ಲಿ ಬ್ಯಾಟರಿ ಸ್ಕೂಟರ್ ಹುಡುಕಿದೆ. ಮೂರು ದಿನ ಸುತ್ತಿದ ಮೇಲೆ ಗೊತ್ತಾಗಿದ್ದು ಇಷ್ಟು.

ಬಣ್ಣ ಆಮೇಲೆ ನೋಡಿ, ಮೊದಲು ಕಾಗದ ಕೇಳಿ. ಬ್ಯಾಟರಿ ಗಾಡಿ ಅಂದಮಾತ್ರಕ್ಕೆ ಲೈಸೆನ್ಸ್ ಮಾಫಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ, ಅಂದರೆ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ, 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ಒಳಗೇ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆಜಿ ದಾಟಬಾರದು. ಸರಿಯಾದ ಬ್ರೇಕ್, ಮುಂದೆ ಬಿಳಿ ರಿಫ್ಲೆಕ್ಟರ್, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಇದನ್ನೆಲ್ಲ ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಆಗ ಮಾತ್ರ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಆ ಸರ್ಟಿಫಿಕೇಟಿನ ನಕಲು ಕೇಳಿದಾಗ ಎರಡು ಅಂಗಡಿಯವರು ಟೀ ತರಿಸಿದರು, ಕಾಗದ ತರಿಸಲಿಲ್ಲ. ಎದ್ದು ಬಂದೆ.

ಒಂದು ಕಡೆ ಹುಡುಗ ಪಿಸುಗುಟ್ಟಿದ: "ಎಂತ ಅಕ್ಕಾ, ಒಂದು ವೈರ್ ಕಿತ್ರೆ ನಲವತ್ತೈದು ಓಡ್ತದೆ." ಓಡುತ್ತದೆ, ನಿಜ. ಆದರೆ ಆ ಕ್ಷಣದಿಂದ ಅದು ನಂಬರ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೇ ಕಾಯ್ದೆಯಲ್ಲಿ 5,000 ರೂಪಾಯಿ ದಂಡವಿದೆ. ಮನೆಯ ಚಿಕ್ಕ ಮಕ್ಕಳು ಅದನ್ನು ಓಡಿಸಿದರಂತೂ 2019ರ ತಿದ್ದುಪಡಿ ಪ್ರಕಾರ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಯಾರಿಗಾದರೂ ಗುದ್ದಿದರೆ ತೋಟ ಅಡವಿಡಬೇಕಾದೀತು.

ಇನ್ನು ನಮ್ಮ ಕಡೆಯ ದೊಡ್ಡ ವಿಷಯ, ಏರು. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಟ್ರಯಲ್ ನೋಡಿ ದುಡ್ಡು ಕೊಡಬೇಡಿ. ಪಿಯುಸಿ ಓದುವ ನನ್ನ ಮಗ ಲೆಕ್ಕ ಹಾಕಿದ: ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ, ಗಾಡಿ ಮತ್ತು ಸವಾರ ಸೇರಿ 130 ಕೆಜಿ, 250 ವ್ಯಾಟ್. ಬಂದ ಉತ್ತರ ಗಂಟೆಗೆ ಸುಮಾರು ಏಳು ಕಿ.ಮೀ. ಅಂದರೆ ಜೋರಾಗಿ ನಡೆದಷ್ಟೇ! ಜಾಸ್ತಿ ಹೊತ್ತು ಹಾಗೆ ಏರಿಸಿದರೆ ಮೋಟಾರು ಬಿಸಿಯಾಗುತ್ತದೆ. ಮನೆ ಗುಡ್ಡದ ಮೇಲಿದ್ದರೆ, ಅಥವಾ ಆಗುಂಬೆ ಘಾಟಿ ದಾಟುವ ಆಸೆ ಇದ್ದರೆ, ಹಸಿರು ನಂಬರ್ ಪ್ಲೇಟಿನ, ಅಂದರೆ ನೋಂದಣಿ ಆದ ಬ್ಯಾಟರಿ ಗಾಡಿಯನ್ನೇ ತಗೊಳ್ಳಿ. ಲೈಸೆನ್ಸ್ ಮಾಡಿಸಿಕೊಳ್ಳಿ, ಅದೇನು ಬ್ರಹ್ಮವಿದ್ಯೆ ಅಲ್ಲ.

ಹೆಲ್ಮೆಟ್? ಕಾನೂನು ಕೇಳಲಿ ಬಿಡಲಿ, ಮಳೆಗಾಲದ ಪಾಚಿ ಕೇಳುತ್ತದೆ.

ನಿಯಮಗಳು ಬದಲಾಗುತ್ತವೆ, ಹಳೇ ವಿಡಿಯೋ ನಂಬಬೇಡಿ. ಮೋಟಾರು ವಾಹನ ಕಾಯ್ದೆಯ 212ನೇ ಸೆಕ್ಷನ್ ಪ್ರಕಾರ ಹೊಸ ನಿಯಮದ ಕರಡನ್ನು ಮೊದಲು ಪ್ರಕಟಿಸಲೇಬೇಕು. ರಾಜ್ಯದ್ದಾದರೆ ಕರ್ನಾಟಕ ರಾಜ್ಯಪತ್ರದಲ್ಲಿ ಬರುತ್ತದೆ. ಆಕ್ಷೇಪಣೆಗೆ ಗಡುವು, ವಿಳಾಸ ಎರಡೂ ಅದರಲ್ಲೇ ಇರುತ್ತವೆ. ಆಕ್ಷೇಪಣೆ ಬರೆಯಲು ಒಂದು ಪುಟ ಸಾಕು. ಕರಡಿನ ನಂಬರು, ಯಾವ ಉಪನಿಯಮ, ಅದರಿಂದ ನಿಮ್ಮ ರಸ್ತೆಯಲ್ಲಿ ಏನಾಗುತ್ತದೆ, ಬದಲಿಗೆ ಏನು ಬೇಕು, ಇಷ್ಟು ಬರೆಯಿರಿ. ಸುಮ್ನೆ "ಖಂಡಿಸುತ್ತೇವೆ" ಅಂತ ಬರೆದರೆ ಅಲ್ಲಿ ಕೂತವರು ಏನು ತಿದ್ದಬೇಕು, ಹೇಳಿ?

ನಾವು ಕಾಗದ ಸರಿಯಿದ್ದ ನಿಧಾನದ ಗಾಡಿಯನ್ನೇ ತಂದೆವು. ಮಾವ ಪೇಟೆಯಿಂದ ಬಂದು ನಮ್ಮ ಮನೆಯ ದಿಬ್ಬದ ಕೆಳಗೆ ಹಾರ್ನ್ ಹೊಡೆಯುತ್ತಾರೆ. ಅಲ್ಲಿಂದ ಮೇಲಕ್ಕೆ ತಳ್ಳಿಕೊಂಡು ಬರುವುದು ಲೆಕ್ಕ ಹಾಕಿದ ಮಗನ ಕೆಲಸ.