ವಿಡಿಯೊ ಕಾಲ್‌ನಲ್ಲಿ ಫಿಸಿಯೋಥೆರಪಿ: ನಾನು ಪಳಗಿದ್ದು ಹೀಗೆ

ಫಿಸಿಯೋಥೆರಪಿ ಕಾಲೇಜಿನಲ್ಲಿ ನಾವು ಕಲಿಯುವುದು ಹೆಚ್ಚಾಗಿ ಕೈಯ ಕೆಲಸ. ಮುಟ್ಟಿ ನೋಡಬೇಕು, ಹಿಡಿದು ಬಗ್ಗಿಸಬೇಕು, ವಾಲುವವರಿಗೆ ಆಸರೆ ಕೊಡಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅದೆಲ್ಲ ಒಂದೇ ಸಲ ನಿಂತಿತು. ಮಂಡಿ ಆಪರೇಷನ್ ಆದವರು, ಲಕ್ವ ಹೊಡೆದು ಆಗಷ್ಟೇ ಹೆಜ್ಜೆ ಇಡಲು ಶುರು ಮಾಡಿದ್ದವರು, ಎಲ್ಲರನ್ನೂ ಫೋನಿನಲ್ಲೇ ನೋಡಬೇಕಾಯಿತು. ಲಾಕ್‌ಡೌನ್ ಮುಗಿದ ಮೇಲೂ ನಾನು ಅದನ್ನು ಬಿಡಲಿಲ್ಲ. ಹಳ್ಳಿಯಿಂದ ಆಟೋ ಮಾಡಿಕೊಂಡು, ಜೊತೆಗೆ ಬರುವವರ ಒಂದು ದಿನದ ಕೂಲಿಯನ್ನೂ ಬಿಟ್ಟು ವಾರಕ್ಕೆ ಮೂರು ಸಲ ಕ್ಲಿನಿಕ್‌ಗೆ ಬನ್ನಿ ಅಂದರೆ ಯಾರಿಗೆ ಆಗುತ್ತದೆ? ಆದರೆ ವಿಡಿಯೊದಲ್ಲಿ ಚಿಕಿತ್ಸೆ ಕೊಡಲು ಬೇರೆಯೇ ಅಭ್ಯಾಸ ಬೇಕು.

ಮೊದಲು ಪಳಗಿಸಿದ್ದು ಮಾತನ್ನು. ನಾನು ಮತ್ತು ಒಬ್ಬ ಸಹೋದ್ಯೋಗಿ ಬೇರೆ ಬೇರೆ ಕೋಣೆಯಲ್ಲಿ ಕೂತು, ಕ್ಯಾಮೆರಾ ಆಫ್ ಮಾಡಿ ಕಾಲ್ ಮಾಡುತ್ತಿದ್ದೆವು. ಒಬ್ಬರು ವ್ಯಾಯಾಮ ಹೇಳುವುದು, ಇನ್ನೊಬ್ಬರು ಹೇಳಿದಷ್ಟನ್ನೇ ಮಾಡುವುದು, ತಾವಾಗಿ ಏನೂ ಸೇರಿಸುವಂತಿಲ್ಲ. ಆಮೇಲೆ ಕ್ಯಾಮೆರಾ ಆನ್ ಮಾಡಿ ನೋಡುವುದು. ಹೀಗೆ ಮಾಡ್ತಾ ಮಾಡ್ತಾ ನಮ್ಮ ಮಾತು ಚಿಕ್ಕದಾಯಿತು. ‘ತೊಡೆಯ ಸ್ನಾಯು ಬಿಗಿ ಮಾಡಿ’ ಅಂದರೆ ಅಜ್ಜಿಗೆ ಏನು ಗೊತ್ತಾಗಬೇಕು? ‘ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಕೊಳ್ಳಿ ಅಜ್ಜಿ, ಅದನ್ನು ಮಂಡಿಯಿಂದ ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ’ ಅಂದರೆ ತಕ್ಷಣ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಸೂಚನೆ. ಅವರು ಮಾಡುವಾಗ ನಾನು ಸುಮ್ಮನಿರಬೇಕು, ಯಾಕೆಂದರೆ ಧ್ವನಿ ತಡವಾಗಿ ತಲುಪುತ್ತದೆ. ನಡುವೆ ಬಾಯಿ ಹಾಕಿದರೆ ಅವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಅಳತೆಗೆ ನನಗೆ ತುಂಬ ನೆರವಾದದ್ದು ಹಣೆಗಿಡುವ ಸ್ಟಿಕ್ಕರ್ ಬಿಂದಿ. ಸೊಂಟದ ಪಕ್ಕದ ಎಲುಬಿನ ಮೇಲೊಂದು, ಮಂಡಿಯ ಹೊರಬದಿಗೊಂದು, ಪಾದದ ಗಂಟಿನ ಮೇಲೊಂದು ಅಂಟಿಸಲು ಹೇಳುತ್ತೇನೆ. ಫೋನನ್ನು ಅಡ್ಡಲಾಗಿ, ಮಂಡಿಯ ಎತ್ತರಕ್ಕೆ ಸ್ಟೂಲ್ ಮೇಲೆ ಇಡಬೇಕು, ನೇರವಾಗಿ ಪಕ್ಕದಿಂದ ಕಾಣಬೇಕು. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಕೋನ ಅಳೆದರೆ, ಹೋದ ವಾರಕ್ಕೂ ಈ ವಾರಕ್ಕೂ ಮಂಡಿ ಎಷ್ಟು ಬಗ್ಗಿದೆ ಅಂತ ಚೆನ್ನಾಗಿ ಹೋಲಿಸಬಹುದು. ನಡಿಗೆ ನೋಡಲು ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ ಮಾಡಿಸುತ್ತೇನೆ. ಎರಡು ಅಡಿಯ ಟೈಲ್ಸ್ ಇರುವ ಮನೆಯಲ್ಲಿ ಐದು ಟೈಲ್ಸ್ ಎಣಿಸಿದರೆ ಸಾಕು. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತಲೇ ಲೆಕ್ಕ. ಇದಕ್ಕೆ ಮುಂಚೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿಸಿ, ಒಬ್ಬರನ್ನು ಪಕ್ಕದಲ್ಲೇ ನಿಲ್ಲಿಸುತ್ತೇನೆ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ.

ನಿಜವಾದ ಕೆಲಸ ಇರುವುದು ಈ ಪಕ್ಕದಲ್ಲಿ ನಿಲ್ಲುವವರ ಜೊತೆ. ಮಗಳೋ, ಸೊಸೆಯೋ, ಕಾಲೇಜಿಗೆ ಹೋಗುವ ಮೊಮ್ಮಗನೋ, ಅಲ್ಲಿ ನನ್ನ ಕೈ ಅವರೇ. ಹಾಗಾಗಿ ಮೊದಲ ಕಾಲ್‌ನ ಹೆಚ್ಚಿನ ಹೊತ್ತನ್ನು ಅವರಿಗೇ ಕೊಡುತ್ತೇನೆ. ಲಕ್ವ ಆದವರನ್ನು ಎಬ್ಬಿಸಲು ಮನೆಯವರು ಸೋತ ಕೈಯನ್ನೇ ಹಿಡಿದು ಎಳೆಯುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ಸೋತ ಭುಜವನ್ನು ಹಿಡಿದಿಡುವ ಸ್ನಾಯುಗಳಿಗೆ ಆಗ ಬಲ ಇರುವುದಿಲ್ಲ, ಎಳೆದರೆ ಕೀಲು ಸಡಿಲವಾಗಿ ತಿಂಗಳುಗಟ್ಟಲೆ ನೋವು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ, ಸೋತ ಬದಿಯಲ್ಲೇ ನಿಲ್ಲಿ ಅಂತ ಹೇಳಿಕೊಡುತ್ತೇನೆ. ಅವರು ಮಾಡಿ ತೋರಿಸುವವರೆಗೆ ರೋಗಿಯನ್ನು ಎಬ್ಬಿಸಲು ಬಿಡುವುದಿಲ್ಲ.

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಡಾಕ್ಟರುಗಳಿಗೆ ಬರೆದದ್ದು. ಆದರೂ ಅದರಲ್ಲಿ ಹೇಳಿದ ಗುರುತು, ಒಪ್ಪಿಗೆ, ದಾಖಲೆ ಈ ಮೂರನ್ನೂ ನಾನು ತಪ್ಪದೆ ಪಾಲಿಸುತ್ತೇನೆ. ಕಾಲ್ ಶುರುವಾದ ಕೂಡಲೇ ಮನೆಯ ವಿಳಾಸ, ಇನ್ನೊಬ್ಬರ ನಂಬರ್ ಬರೆದುಕೊಳ್ಳುತ್ತೇನೆ, ಏನಾದರೂ ಆದರೆ 108ಕ್ಕೆ ಹೇಳಲು ಬೇಕಲ್ವಾ. ಒಪ್ಪಿದವರ ಕಾಲ್ ರೆಕಾರ್ಡ್ ಮಾಡಿ, ರಾತ್ರಿ ಒಮ್ಮೆ ಧ್ವನಿ ಇಲ್ಲದೆ ನೋಡುತ್ತೇನೆ, ನೋವಾದಾಗ ಮುಖ ಕಿವುಚುವುದು ಆಗ ಚೆನ್ನಾಗಿ ಕಾಣುತ್ತದೆ.

ಆಪರೇಷನ್ ಆದ ಮೇಲೆ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತು ವ್ಯಾಯಾಮ ಇಲ್ಲ, ರಕ್ತ ಹೆಪ್ಪುಗಟ್ಟಿರಬಹುದು, ಸೀದಾ ಆಸ್ಪತ್ರೆಗೆ. ಗಾಯದಲ್ಲಿ ಕೀವು, ಜ್ವರ ಇದ್ದರೂ ಅಷ್ಟೇ. ಪಕ್ಕದಲ್ಲಿ ನಿಲ್ಲಲು ಯಾರೂ ಇಲ್ಲದ, ನಿಂತರೆ ವಾಲುವವರಿಗೆ ವಿಡಿಯೊದಲ್ಲಿ ಕೂತು, ಮಲಗಿ ಮಾಡುವ ವ್ಯಾಯಾಮ ಮಾತ್ರ. ನಿಲ್ಲಿಸುವ ಅಭ್ಯಾಸಕ್ಕೆ ನಾನೇ ಅವರ ಮನೆಗೆ ಹೋಗುತ್ತೇನೆ.