ಸ್ಟೆಬಿಲೈಜರ್ ಮೊದಲು, ಸ್ವಿಚ್ ಆಮೇಲೆ: ಅಗ್ಗದ ಮೆಕ್ಯಾನಿಕಲ್ ಕೀಬೋರ್ಡ್ ತಿದ್ದಿದ ನನ್ನ ಅನುಭವ

ಪ್ಲಾಸ್ಟಿಕ್ ಕೇಸಿನ ಹಾಟ್‌ಸ್ವಾಪ್ ಕೀಬೋರ್ಡ್ (ಬೆಸುಗೆಯಿಲ್ಲದೆ ಸ್ವಿಚ್ ಬದಲಿಸಬಹುದಾದದ್ದು) ಎಷ್ಟು ತಿದ್ದಿದರೂ ಅಷ್ಟೇ, ಒಳ್ಳೆಯ ಸದ್ದು ಬೇಕಾದರೆ ಅಲ್ಯುಮಿನಿಯಂ ಕೇಸಿಗೆ ದುಡ್ಡು ಸುರಿಯಲೇಬೇಕು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ಈಗ ನಂಬರ್ ಪ್ಯಾಡೂ ಎಫ್ ಕೀ ಸಾಲೂ ಇಲ್ಲದ ನನ್ನ 65 ಪರ್ಸೆಂಟ್ ಬೋರ್ಡಿನ ಸ್ಪೇಸ್‌ಬಾರ್ ಒತ್ತಿ ನೋಡಿದವರು ಮೊದಲು ಕೇಳುವುದೇ ಸ್ವಿಚ್ ಯಾವುದು ಅಂತ. ಸ್ವಿಚ್ ಗೇಟರಾನ್ ಮಿಲ್ಕಿ ಯೆಲ್ಲೋ, ಎಲ್ಲರಿಗೂ ಗೊತ್ತಿರುವ ಅಗ್ಗದ ಲೀನಿಯರ್, ಅಂದರೆ ನಡುವೆ ಉಬ್ಬು ತಗಲದೆ ನೇರ ಇಳಿಯುವ ಸ್ವಿಚ್. ಫಲ ಕೊಟ್ಟಿದ್ದು ಸ್ವಿಚ್ ಅಲ್ಲ, ಕೆಲಸದ ಕ್ರಮ: ಮೊದಲು ಸ್ಟೆಬಿಲೈಜರ್ (ಉದ್ದ ಕೀಗಳು ವಾಲದಂತೆ ಹಿಡಿಯುವ ತಂತಿಯ ಜೋಡಣೆ), ಆಮೇಲೆ ಲ್ಯೂಬ್ (ಸ್ವಿಚ್‌ಗೆ ಗ್ರೀಸ್ ಹಚ್ಚುವುದು), ಕೊನೆಗೆ ಫೋಮ್.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಒಟ್ಟು ಖರ್ಚು 100 ಅಂದುಕೊಂಡರೆ ಬೋರ್ಡಿಗೆ 50ರ ಹತ್ತಿರ, ಸ್ವಿಚ್‌ಗೆ 15ರಿಂದ 20, ಪಿಬಿಟಿ ಪ್ಲಾಸ್ಟಿಕ್‌ನ ಕೀಕ್ಯಾಪ್‌ಗೆ (ಕೀ ಮೇಲಿನ ಟೋಪಿ) ಸುಮಾರು 20. ಉಳಿದ 10-15ರಲ್ಲಿ ಸ್ಟೆಬಿಲೈಜರ್, ಗ್ರೀಸ್, ಬ್ರಷ್, ಸ್ವಿಚ್ ಓಪನರ್, ಫಿಲ್ಮ್ (ಸ್ವಿಚ್‌ನ ಎರಡು ಹೋಳಿನ ನಡುವೆ ಇಡುವ ತೆಳು ಹಾಳೆ) ಎಲ್ಲ ಮುಗಿಯಿತು. ಬಂದ ಸುಧಾರಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕೊನೆಯ ಪಾಲಿನದ್ದು. ಬೋರ್ಡಿನ ಜತೆ ಬಂದ ಸ್ಟೆಬಿಲೈಜರ್ ಮುಟ್ಟದೆ ಮೂರು ಪಟ್ಟು ಬೆಲೆಯ ಸ್ವಿಚ್ ಹಾಕಿದರೆ ಅಕ್ಷರಗಳೇನೋ ಚೆನ್ನಾಗಿ ಕೇಳುತ್ತವೆ, ಆದರೆ ಎಂಟರ್, ಬ್ಯಾಕ್‌ಸ್ಪೇಸ್, ಸ್ಪೇಸ್ ಗಿಲಕಿಯ ಹಾಗೆ ಗಲಗಲ ಅನ್ನುತ್ತವೆ. ಉಳಿದ ಕೀಗಳ ಸದ್ದು ಚೆನ್ನಾದಷ್ಟೂ ಅದು ಕಿವಿಗೆ ಹೆಚ್ಚು ಹೊಡೆಯುತ್ತದೆ.

65 ಪರ್ಸೆಂಟ್‌ಗೆ ಸಾಮಾನ್ಯವಾಗಿ ಬೇಕಾಗುವ ಸ್ಟೆಬಿಲೈಜರ್ 6.25ಯು ಒಂದು, 2ಯು ಮೂರು (1ಯು ಅಂದರೆ ಒಂದು ಅಕ್ಷರದ ಕೀಯ ಅಗಲ). ಕೊಳ್ಳುವ ಮೊದಲು ಪಿಸಿಬಿಯಲ್ಲಿ (ಒಳಗಿನ ಸರ್ಕ್ಯೂಟ್ ಹಲಗೆ) ಸ್ಕ್ರೂ ತೂತು ಇದೆಯೇ ನೋಡಿ; ಪ್ಲೇಟ್ ಮೌಂಟ್ ಬೋರ್ಡಿಗೆ (ಸ್ಟೆಬಿಲೈಜರ್ ಪ್ಲೇಟಿಗೆ ಸಿಕ್ಕಿಸುವಂಥದ್ದು) ಸ್ಕ್ರೂ-ಇನ್ ಸ್ಟೆಬಿಲೈಜರ್ ತಂದರೆ ಆ ದುಡ್ಡು ಹೋದ ಹಾಗೆಯೇ. ಗಲಗಲ ಸದ್ದಿನ ಮೂಲ ಎರಡೇ: ತಂತಿ ಸೊಟ್ಟಗಿರುವುದು, ತಂತಿಯ ತುದಿ ಸ್ಟೆಮ್ (ಕೀಕ್ಯಾಪ್ ಕೂರುವ, ಮೇಲೆ ಕೆಳಗೆ ಚಲಿಸುವ ಭಾಗ) ಒಳಗೆ ಸಡಿಲವಾಗಿ ಆಡುವುದು. ಗ್ರೀಸ್ ಎರಡನೆಯದನ್ನು ಮಾತ್ರ ಮುಚ್ಚುತ್ತದೆ. ಮೊದಲನೆಯದಕ್ಕೆ ತಂತಿಯನ್ನು ಗಾಜಿನ ಮೇಲೆ ಮಲಗಿಸಿ ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಬೇಕು. ಎಲ್ಲಾದರೂ ಟಿಕ್ ಎಂದರೆ ತಂತಿಯ ಒಂದು ಬದಿ ಎದ್ದಿದೆ ಎಂದರ್ಥ. ಇಕ್ಕಳದಲ್ಲಿ ಹಿಡಿದು ಎದ್ದ ಕಾಲನ್ನು ಕೂದಲೆಳೆಯಷ್ಟು ತಿರುಚಿ ಮತ್ತೆ ನೋಡಿ. ಸ್ಪೇಸ್‌ಬಾರ್ ತಂತಿಗೆ ಅರ್ಧ ಗಂಟೆ ಹಿಡಿದರೂ ಬಿಡಬಾರದು. ಇಲ್ಲಿ ತಾಳ್ಮೆ ಕಳೆದುಕೊಂಡವರೇ ಆಮೇಲೆ ಗ್ರೀಸ್ ಮೇಲೆ ಗ್ರೀಸ್ ತುಂಬುತ್ತಾರೆ, ಕೀ ನಿಧಾನವಾಗಿ ಮೇಲೇಳತೊಡಗುತ್ತದೆ.

ತಂತಿ ನೇರವಾದ ಮೇಲೆ ಸ್ಟೆಬಿಲೈಜರ್ ಹೌಸಿಂಗ್‌ನ (ಹೊರಗೂಡು) ಒಳಗೋಡೆಗೆ ಕ್ರೈಟಾಕ್ಸ್ 205 ಗ್ರೇಡ್ 0 ಗ್ರೀಸ್ ತೆಳ್ಳಗೆ, ತಂತಿಯ ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಸು ದಪ್ಪಗೆ. ಸ್ಕ್ರೂ ತಲೆಯ ಕೆಳಗೆ ಇನ್ಸುಲೇಟಿಂಗ್ ವಾಷರ್ ಮರೆಯಬೇಡಿ, ಇಲ್ಲದಿದ್ದರೆ ಪಿಸಿಬಿಯ ಗೆರೆಗಳು ಶಾರ್ಟ್ ಆಗಬಹುದು. ಮತ್ತೂ ಸದ್ದು ಉಳಿದರೆ ಬಿಚ್ಚುವ ಅಗತ್ಯವಿಲ್ಲ: ಕೀಕ್ಯಾಪ್ ತೆಗೆದು, ಸ್ಟೆಮ್ ಕೆಳಗೊತ್ತಿ, ತಂತಿ ಒಳಹೋಗುವ ಕಡೆ ಸಿರಿಂಜ್‌ನಿಂದ ಒಂದು ಸಾಸಿವೆಯಷ್ಟು ಗ್ರೀಸ್ ಬಿಟ್ಟರೆ ಸಾಕು.

ಲ್ಯೂಬ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಳ ಹೌಸಿಂಗ್‌ನ ಎರಡು ಹಳಿ, ಸ್ಟೆಮ್‌ನ ಬದಿಗಳು, ಅಷ್ಟೇ. ಹಚ್ಚಿದ ಜಾಗ ಮಂಜು ಹಿಡಿದಂತೆ ಮಸುಕಾಗಿ ಕಾಣಬೇಕು. ಬೆಳ್ಳಗೆ ಗುಡ್ಡೆ ಕಂಡರೆ ಹೆಚ್ಚಾಯಿತು. ಸ್ಪ್ರಿಂಗ್‌ಗಳನ್ನು ಒಂದೇ ಜಿಪ್ ಚೀಲಕ್ಕೆ ಹಾಕಿ, ಕ್ರೈಟಾಕ್ಸ್ 105 ಎಣ್ಣೆ ಎಂಟು ಹತ್ತು ಹನಿ ಬಿಟ್ಟು ಕುಲುಕಿದರೆ ಪಿಂಗ್ ಸದ್ದು ಹೋಗುತ್ತದೆ. ಮೊದಲ ಹತ್ತು ಸ್ವಿಚ್‌ಗೆ ಗಂಟೆ ಹಿಡಿಯುತ್ತದೆ, ಆಮೇಲೆ ಕೈ ಓಡುತ್ತದೆ. ಟ್ಯಾಕ್ಟೈಲ್ ಸ್ವಿಚ್ (ಒತ್ತುವಾಗ ನಡುವೆ ಉಬ್ಬು ತಗಲುವಂಥದ್ದು) ಆದರೆ ಸ್ಟೆಮ್‌ನ ಕಾಲು ಮುಟ್ಟಬೇಡಿ. ಚೆರ್ರಿ ಬ್ರೌನ್ ಎಂಬ ಟ್ಯಾಕ್ಟೈಲ್ ಸ್ವಿಚ್‌ನ ಕಾಲಿಗೂ 205 ಬಳಿದು ನೋಡಿದೆ. ಮೊದಲೇ ಸಣ್ಣದಾಗಿದ್ದ ಉಬ್ಬು ಬಹುತೇಕ ಅಳಿಸಿಹೋಯಿತು. ಫಿಲ್ಮ್ ಎಲ್ಲ ಸ್ವಿಚ್‌ಗೂ ಬೇಡ. ಮೇಲಿನ ಹೌಸಿಂಗ್ ಹಿಡಿದು ಅಲ್ಲಾಡಿಸಿ, ಆಡಿದರೆ ಮಾತ್ರ 0.15 ಮಿ.ಮೀ. ಫಿಲ್ಮ್. ಬಿಗಿಯಾದ ಹೌಸಿಂಗ್‌ಗೆ ತುರುಕಿದರೆ ಕ್ಲಿಪ್ ಪೂರ್ತಿ ಕೂರದೆ, ಕೀಕ್ಯಾಪ್ ಕೀಳುವಾಗ ಸ್ವಿಚ್ ತಲೆಯೂ ಎದ್ದು ಬರುತ್ತದೆ.

ನಡುವೆ ಸ್ಪ್ರಿಂಗ್ ಪ್ರಯೋಗವೂ ನಡೆಯಿತು. ಸ್ಪೇಸ್‌ಬಾರ್ ಸ್ವಿಚ್‌ಗೆ ಮಾತ್ರ ಸುಮಾರು 67 ಗ್ರಾಂ ಸ್ಪ್ರಿಂಗ್ ಹಾಕಿದೆ. ಗ್ರೀಸ್ ಎಳೆತವನ್ನು ಮೀರಿ ಬಾರ್ ಚುರುಕಾಗಿ ಮೇಲೇಳುತ್ತದೆ, ಹೆಬ್ಬೆರಳು ಸುಮ್ಮನೆ ಇಟ್ಟರೆ ಒತ್ತಿಕೊಳ್ಳುವುದೂ ಇಲ್ಲ. ಇದು ಉಳಿಯಿತು. ಎಲ್ಲ ಕೀಗೂ ಅದೇ ಸ್ಪ್ರಿಂಗ್ ಹಾಕಿದಾಗ ಸಂಜೆಯ ಹೊತ್ತಿಗೆ ಕಿರುಬೆರಳು ನೋಯತೊಡಗಿತು, ತೆಗೆದೆ.

ಫೋಮ್ ವಿಷಯದಲ್ಲಿ ಕಡಿಮೆಯೇ ಮೇಲು. ಸ್ವಿಚ್ ಮತ್ತು ಪಿಸಿಬಿ ನಡುವೆ 0.5 ಮಿ.ಮೀ. ಪಿಇ ಫೋಮ್ ಹಾಳೆ, ಪಿಸಿಬಿ ಬೆನ್ನಿಗೆ ಎರಡು ಪದರ ಮಾಸ್ಕಿಂಗ್ ಟೇಪ್. ಇದಕ್ಕಿಂತ ದಪ್ಪ ಹಾಳೆ ಹಾಕಿದರೆ ಸ್ವಿಚ್‌ನ ಪಿನ್ ಸಾಕೆಟ್ ಒಳಗೆ ಪೂರ್ತಿ ಇಳಿಯುವುದಿಲ್ಲ, ಕೀ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ, ಇನ್ನೊಮ್ಮೆ ಎರಡು ಅಕ್ಷರ ಬೀಳುತ್ತದೆ. ಹೀಗಾದಾಗ ಫರ್ಮ್‌ವೇರ್‌ನಲ್ಲಿ (ಕೀಬೋರ್ಡ್ ಒಳಗಿನ ತಂತ್ರಾಂಶ) ಡಿಬೌನ್ಸ್, ಅಂದರೆ ಒಂದು ಒತ್ತನ್ನು ಎರಡಾಗಿ ಎಣಿಸದಂತೆ ಕಾಯುವ ಸಮಯ, ಏರಿಸಲು ಹೋಗಬೇಡಿ. ಕ್ಯೂಎಂಕೆ ಎಂಬ ಫರ್ಮ್‌ವೇರ್‌ನ ಡೀಫಾಲ್ಟ್ 5 ಮಿಲಿಸೆಕೆಂಡ್ ಸರಿಯಾಗಿಯೇ ಇದೆ. ಸ್ವಿಚ್ ಕಿತ್ತು ಪಿನ್ ನೋಡಿ, ಹತ್ತರಲ್ಲಿ ಒಂಬತ್ತು ಸಲ ಅದು ಮಡಚಿಕೊಂಡಿರುತ್ತದೆ. ಚಿಮಟದಿಂದ ನೆಟ್ಟಗೆ ಮಾಡಿ, ಹಿಂದಿನಿಂದ ಸಾಕೆಟ್‌ಗೆ ಬೆರಳಿನ ಆಸರೆ ಕೊಟ್ಟು ನೇರವಾಗಿ ಒತ್ತಬೇಕು. ಆಸರೆ ಇಲ್ಲದೆ ಅದುಮಿದರೆ ಸಾಕೆಟ್ಟೇ ಪ್ಯಾಡ್ ಸಮೇತ ಕಿತ್ತುಬರಬಹುದು, ಆಮೇಲೆ ಬೆಸುಗೆ ಕೆಲಸ. ಕೈಲ್ ಕಂಪನಿಯ ಸಾಕೆಟ್‌ನ ಆಯಸ್ಸು ನೂರರ ಆಸುಪಾಸಿನ ಸಲ ಹಾಕಿ ತೆಗೆಯುವಷ್ಟು. ವಾರಕ್ಕೊಂದು ಸ್ವಿಚ್ ಬದಲಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೀಕ್ಯಾಪ್ ಕೊನೆಗೆ ಕೊಳ್ಳಿ. ಪಿಬಿಟಿ ಸ್ಪೇಸ್‌ಬಾರ್ ಬಂದ ಕೂಡಲೇ ಸಪಾಟು ಮೇಜಿನ ಮೇಲಿಟ್ಟು ಬಾಗಿದೆಯೇ ನೋಡಿ, ಬಾಗಿದ್ದರೆ ಅಲ್ಲಿಂದಲೇ ವಾಪಸ್ ಕಳಿಸಿ. ಮೇಲೆ ಹೇಳಿದ ತಂತಿಯ ಶ್ರಮವೆಲ್ಲ ಅದರಡಿ ವ್ಯರ್ಥ. ಎಲ್‌ಇಡಿ ಸ್ವಿಚ್‌ನ ಮೇಲ್ಬದಿಗಿರುವ, ಅಂದರೆ ನಾರ್ತ್ ಫೇಸಿಂಗ್ ಬೋರ್ಡಾದರೆ ಚೆರ್ರಿ ಪ್ರೊಫೈಲ್‌ನ (ಗಿಡ್ಡ ಆಕಾರದ ಕೀಕ್ಯಾಪ್) ನಡುಸಾಲಿನ ಕ್ಯಾಪ್‌ಗಳು ಹೌಸಿಂಗ್‌ಗೆ ತಗುಲಬಹುದು. ಅಂಥ ಬೋರ್ಡಿಗೆ ಎತ್ತರದ ಓಇಎಂ ಪ್ರೊಫೈಲ್, ಇಲ್ಲವೇ ಸ್ಟೆಮ್‌ನ ಕಂಬ ಉದ್ದವಿರುವ ಸ್ವಿಚ್ ಹಾಕಬೇಕು. ಇದನ್ನು ಕೀಕ್ಯಾಪ್ ಸೆಟ್ ಆರ್ಡರ್ ಮಾಡುವ ಮೊದಲೇ ನೋಡಿಕೊಳ್ಳಿ.